ಅಣಕು ದಾಳಿ

ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು, ಅದೂ ವ್ಯಂಜನಗಳಲ್ಲೇ ಮೊದಲನೆಯದು. ಕಾರ್ಖಾನೆಯ ಸ್ಟೋರ್ಸಿನಲ್ಲಿ, ಕಬ್ಬಿಣದ ಕಪಾಟುಗಳ ನಡುವಿನ ತನ್ನ ಮೇಜಿನ ಮುಂದೆ ಕೂತು, ಶಿವಪ್ರಕಾಶ ಬೆಳಿಗ್ಗೆ ಹನ್ನೊಂದಕ್ಕೆ ‘ತಾರ್ನಾಕ ಕನ್ನಡ ಬಳಗ’ದ ವಾಟ್ಸಾಪ್ ಗುಂಪಿಗೆ ಕಳಿಸಿದ ಸಂದೇಶ ಹೀಗಿತ್ತು: ‘ಇಂದು ಸಂಜೆ ನಾಲ್ಕಕ್ಕೆ ನಗರದ ಮೇಲೆ ಅಣು ದಾಳಿ ನಡೆಯಲಿದೆ. ಸೈರನ್ ಕೂಗಲಿದೆ. ಯಾರೂ ಗಾಬರಿಯಾಗದೆ ಮನೆಯೊಳಗಿದ್ದು ಸಹಕರಿಸಬೇಕಾಗಿ ವಿನಂತಿ. ಇಂತಿ, ಕಾರ್ಯದರ್ಶಿ.’ ಅಣಕು ದಾಳಿ ಎಂದಾಗಬೇಕಿತ್ತು. ಕಚೇರಿಯ ಸುತ್ತೋಲೆಯಲ್ಲಿ ಮಾಕ್ ಡ್ರಿಲ್ ಎಂದಿತ್ತು. ಬಳಗದಲ್ಲಿ ಇಂಗ್ಲಿಷ್ ಹಾಕಿದರೆ ಅಧ್ಯಕ್ಷೆ ತುಳಸಾಬಾಯಿಯವರು ಕಿವಿ ಹಿಂಡುತ್ತಾರೆಂದು ಪತ್ರಿಕೆಯ ಕನ್ನಡವನ್ನು ನೆನಪು ಮಾಡಿಕೊಂಡು ಬರೆದಿದ್ದ. ಸಹಕರಿಸಬೇಕಂತೆ, ಅಣುಬಾಂಬಿಗೆ! ಬೇರೆ ಯಾರಾದರೂ ಬರೆದಿದ್ದರೆ ಬಳಗದ ಮಿಮಿಕ್ರಿಗಾರನಾದ ಅವನೇ ಅದನ್ನು ರಾಜ್ಯೋತ್ಸವದ ವೇದಿಕೆಯ ಮೇಲೆ ಹತ್ತು ದನಿಯಲ್ಲಿ ಓದಿ ಜನರ ಹೊಟ್ಟೆ ಹುಣ್ಣಾಗಿಸುತ್ತಿದ್ದ. ತಪ್ಪಾದದ್ದು ಹೇಗೆಂದು ಅವನಿಗೆ ಗೊತ್ತಿತ್ತು. ‘ಅಣ’ ಎನ್ನುವಷ್ಟು ಒತ್ತಿದ ಕೂಡಲೆ ಫೋನೇ ಮುಂದಿನದನ್ನು ಊಹಿಸಿ ‘ಅಣು’ ಎಂದು ಎದುರಿಗಿಟ್ಟಿತ್ತು. ಅವನು ನೋಡದೆ ಅದರ ಮೇಲೆ ಬೆರಳಿಟ್ಟಿದ್ದ. ಫೋನಿಗೆ ತಾನಾಗಿ ಅಂಥ ಬುದ್ಧಿ ಬರುವುದಿಲ್ಲ. ಯಜಮಾನ ದಿನಾ ಏನು ಹುಡುಕುತ್ತಾನೋ ಅದನ್ನು ಕಲಿತಿರುತ್ತದೆ. ಅಣು ದಾಳಿಯಾದರೆ ಬೂದಿ ಎಷ್ಟು ಹೊತ್ತಿಗೆ ಬೀಳುತ್ತದೆ, ಅಣು ಯುದ್ಧದ ಹಳೆಯ ಚಿತ್ರಗಳು, ಅಣುಬಾಂಬು ಹೈದರಾಬಾದಿಗೆ ಬಿದ್ದರೆ ಎಲ್ಲಿಯವರೆಗೆ: ಐವತ್ತೆರಡರ ಗೃಹಸ್ಥ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಹುಡುಕಿದ್ದು ಇಂಥವನ್ನು. ಬೇರೆ ಗಂಡಸರು ಕದ್ದು ನೋಡುವ ಪಟಗಳೇ ಬೇರೆ. ಅವಾದರೂ ಆಗಿದ್ದರೆ ಚೆನ್ನಾಗಿತ್ತು ಎಂದುಕೊಂಡ. ಸಿಕ್ಕಿಬಿದ್ದರೆ ಹೆಂಡತಿ ಬೈಯುತ್ತಿದ್ದಳು, ಬೈದ ಮೇಲೆ ಮುಗಿಯುತ್ತಿತ್ತು.

ಮೊದಲ ಫೋನು ತುಳಸಾಬಾಯಿಯವರದೇ. ನಿವೃತ್ತ ಕನ್ನಡ ಟೀಚರು. ಅವನು ಅವರ ದನಿಯನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದನೆಂದರೆ ಅವರು ಮಾತಾಡಿದಾಗ ತನ್ನನ್ನೇ ಕೇಳಿಸಿಕೊಂಡಂತಾಗುತ್ತಿತ್ತು.

“ಶಿವಪ್ರಕಾಶ, ಕ ಎಲ್ಲಿ ಹೋತ್ರಿ?”

“ಯಾವ ಕ ರೀ, ಮೇಡಮ್?”

“ಅಣಕಿನೊಳಗಿನ ಕ. ಮೂವತ್ತೊಂದು ವರ್ಷ ಸಾಲ್ಯಾಗ ಹುಡುಗರ ಕಾಗುಣಿತ ತಿದ್ದೀನಿ. ಒಂದು ಕ ತಪ್ಪಿದ್ದಕ್ಕ ಇಡೀ ಊರು ಸುಟ್ಟಿದ್ದು ಇದ ಮೊದಲ ನೋಡ್ರಿ. ಅಳಸ್ರಿ ಲಗೂನ. ನಮ್ಮ ಬಾಜೂ ಮನಿಯಾಕಿ ಗ್ಯಾಸಿನ ಸಿಲಿಂಡರ್ ಹಿಡಕೊಂಡು ಕೆಳಗ ಇಳಿಯಾಕತ್ತಾಳ.”

ಅವನು ಅವಸರಪಟ್ಟ. ಅಳಿಸುವಾಗ ‘ಎಲ್ಲರಿಗೂ’ ಎನ್ನುವುದರ ಬದಲು ‘ನನಗೆ ಮಾತ್ರ’ ಎನ್ನುವುದನ್ನು ಒತ್ತಿಬಿಟ್ಟ. ಸಂದೇಶ ಅವನ ಕಣ್ಣೆದುರಿನಿಂದ ಮಾಯವಾಯಿತು. ಹಗುರವಾಗಿ ಉಸಿರು ಬಿಟ್ಟು ಆರಿದ ಚಹಾ ಕುಡಿದ. ಎರಡು ನಿಮಿಷಕ್ಕೆ ಮತ್ತೆ ಫೋನು.

“ಇನ್ನೂ ಐತಲ್ರಿ?”

“ನನಗ ಕಾಣವಲ್ದ್ರಿ ಮೇಡಮ್.”

“ನಿಮಗ ಕಾಣವಲ್ದು. ನಮಗೆಲ್ಲ ಕಾಣಾಕತ್ತೈತಿ.”

ಕೊನೆಗೆ ಅವರೇ ಅಡ್ಮಿನ್ ಅಧಿಕಾರ ಚಲಾಯಿಸಿ ಅದನ್ನು ತೆಗೆದುಹಾಕಿದರು. ಆಗ ಗುಂಪಿನಲ್ಲಿ ಹೊಸ ಗಲಾಟೆ: ಯಾಕೆ ತೆಗೆದರು, ಸರಕಾರ ಮುಚ್ಚಿಡುತ್ತಿದೆಯೇ? ಅವನು ‘ತಿದ್ದುಪಡಿ: ಅಣು ಅಲ್ಲ, ಅಣಕು. ಕ್ಷಮಿಸಿ’ ಎಂದು ಅಕ್ಷರ ಅಕ್ಷರ ಎಣಿಸಿ ಬರೆದ. ಅದರ ಕೆಳಗೆ ಯಾರೋ ನಗುವ ಮುಖಗಳನ್ನು ಸಾಲಾಗಿ ಕೂರಿಸಿ, ‘ಇದೂ ನಿಮ್ಮ ಮಿಮಿಕ್ರಿ ಏನ್ರಿ ಮಾಸ್ತರ?’ ಎಂದು ಕೇಳಿದ್ದರು. ಹೌದೆಂದು ಹೆಬ್ಬೆರಳು ಎತ್ತಿದ. ಎತ್ತಿದ ಮೇಲೆ ಯಾಕೆ ಎತ್ತಿದೆ ಎಂದು ತನ್ನ ಮೇಲೇ ಬೇಸರವಾಯಿತು. ಎಷ್ಟೋ ವರ್ಷಗಳಿಂದ ಹೀಗೇ. ಎಲ್ಲಿ ಜಾರಿ ಬಿದ್ದರೂ ಅಲ್ಲೇ ಒಂದು ಪಲ್ಟಿ ಹೊಡೆದು, ಬಿದ್ದದ್ದಲ್ಲ, ಹಾರಿದ್ದು ಎನ್ನಿಸಿಬಿಡುವುದು.

ಇಷ್ಟರಲ್ಲಿ ಹಿಮಾಯತ್‌ನಗರದ ಬಟ್ಟೆ ಅಂಗಡಿಯವರ ಮನೆಯಿಂದ ಸಾಬಮ್ಮನ ಫೋನು. ಎಂಬತ್ನಾಲ್ಕು ವಯಸ್ಸು, ದನಿ ಮಾತ್ರ ಇನ್ನೂ ಕಂಚು.

“ತಮ್ಮಾ, ನಾಲ್ಕಕ್ಕ ಅಂತ ಹಾಕೀಯಂತಲ್ಲ, ಮೊಮ್ಮಗಳು ಓದಿ ಹೇಳಿದ್ಲು. ನನಗ ಐದಕ್ಕ ಬಿಪಿ ಗುಳಿಗಿ ಐತಿ. ಮೊದಲ ತೊಗೊಳ್ಳೋ, ಅದೆಲ್ಲಾ ಮುಗದ ಮ್ಯಾಲ ತೊಗೊಳ್ಳೋ?”

“ಅಮ್ಮಾ, ಅದು ಖರೇ ದಾಳಿ ಅಲ್ರಿ. ಸುಳ್ಳ ದಾಳಿ. ಸುಮ್ನ ಪ್ರಾಕ್ಟೀಸ್.”

“ಸುಳ್ಳನ? ಥೂ ನಿನ್ನ. ಉಳದು ಏನ್ ಮಾಡೋದಂತ ಮೊಸರೆಲ್ಲಾ ಉಂಡುಬಿಟ್ಟೆನಲ್ಲೋ!”

ಅವನು ಕಪಾಟಿಗೆ ಹಣೆ ಹಚ್ಚಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗು ಮುಗಿದ ಮೇಲೂ ನೀರು ನಿಲ್ಲಲಿಲ್ಲ. ಊರೇ ಬೂದಿಯಾಗುತ್ತದೆ ಎಂಬ ಸುದ್ದಿಯನ್ನು ಆ ಮುದುಕಿ ಖರೇ ಎಂದೇ ನಂಬಿ, ಮೊಸರನ್ನ ಉಂಡು, ಗುಳಿಗೆಯ ಹೊತ್ತು ಕೇಳಿದ್ದಳು. ಚಿಕ್ಕವಳಿದ್ದಾಗ ಊರಿಗೆ ಬೆಂಕಿ ಬಿದ್ದು ನೆಲದಡಿ ಕಾಳು ತುಂಬಿಡುವ ಹಗೆಯೊಳಗೆ ಎರಡು ದಿನ ಅಡಗಿದ್ದವಳಂತೆ. ಬಳಗದ ಊಟದ ಪಂಕ್ತಿಯಲ್ಲಿ ಉಪ್ಪಿನಕಾಯಿ ಕೇಳಿದಷ್ಟು ಸಹಜವಾಗಿ ಹೇಳಿದ್ದಳು. ಅವನು ನೋಡಿದ್ದು ಬರೀ ಸಿನೆಮಾ. ಟಿಕೆಟ್ಟೂ ಕೊಳ್ಳದೆ ನೋಡಿದ ಸಿನೆಮಾ. ಅದರ ಅಂಜಿಕೆಯನ್ನು ಯಾರ ಮುಂದಾದರೂ ಇಡುವುದಕ್ಕೂ ಒಂದು ಯೋಗ್ಯತೆ ಬೇಕಲ್ಲ.

ಅರ್ಧ ದಿನದ ರಜೆ ಬರೆದುಕೊಟ್ಟು ಎರಡೂವರೆಗೆ ಗೇಟು ದಾಟಿದ. ಇಪ್ಪತ್ತೇಳು ವರ್ಷಗಳಿಂದ ಈ ಸ್ಟೋರ್ಸಿನಲ್ಲಿ ನಂಬರು ಹಚ್ಚಿದ ಡಬ್ಬಿಗಳನ್ನು ಕೊಡುತ್ತ ತೆಗೆದುಕೊಳ್ಳುತ್ತ ಬಂದಿದ್ದ. ಒಳಗಿನ ತಿರುಪು, ರಬ್ಬರಿನ ಉಂಗುರ ಯಾವ ಯಂತ್ರದ ಹೊಟ್ಟೆಗೆ ಹೋಗುತ್ತವೆಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಬಾರದು ಎಂಬುದು ನಿಯಮ. ಕೇಳದಿರಲು ನಿಯಮವೊಂದು ಇದ್ದದ್ದು ಅವನ ಪುಣ್ಯ. ನಾಲ್ಕರೊಳಗೆ ಮನೆಯಲ್ಲಿರುತ್ತೇನೆಂದು ಮಗಳು ನಿರೀಕ್ಷಾಗೆ ಮಾತು ಕೊಟ್ಟಿದ್ದ. ಮದುವೆಯಾಗಿ ಹನ್ನೊಂದು ವರ್ಷ ಕಾದ ಮೇಲೆ ಹುಟ್ಟಿದ್ದಕ್ಕೆ ಆ ಹೆಸರು. ಈಗ ಅವಳಿಗೂ ಹನ್ನೊಂದು. ಒಂದು ವಾರದಿಂದ ಅವಳು ನಿದ್ದೆ ಮಾಡಿರಲಿಲ್ಲ. ಕಣ್ಣು ಮುಚ್ಚಿದರೆ ಬೆಚ್ಚಿ ಏಳುವುದು, ಕಿಟಕಿ ಹಾಕು ಎನ್ನುವುದು, ತಟ್ಟೆಯ ಮುಂದೆ ಕೂತು ರೊಟ್ಟಿಯನ್ನು ಚೂರು ಚೂರು ಮಾಡಿ ಹಾಗೇ ಏಳುವುದು. ಹೆಂಡತಿ ಗುರುದೇವಿ ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದಳು. ಡಾಕ್ಟರು ಹುಳದ ಔಷಧ ಕೊಟ್ಟರು. ‘ಫೋನಿನ್ಯಾಗ ಏನರ ನೋಡ್ಯಾಳೇನ್ರಿ ಇಕಿ?’ ಎಂದು ಗುರುದೇವಿ ಕೇಳಿದಾಗ, ‘ಈಗಿನ ಹುಡುಗರು, ಏನು ನೋಡ್ತಾವೋ ಯಾರಿಗೆ ಗೊತ್ತು’ ಎಂದಿದ್ದ. ಅದೂ ಶಾಲೆಯ ಹೆಡ್‌ಮಾಸ್ತರರ ದನಿಯಲ್ಲಿ. ಗುರುದೇವಿ ನಕ್ಕಿದ್ದಳು.

ಷೇರ್ ಆಟೋದಲ್ಲಿ ನಾಲ್ಕನೆಯವನಾಗಿ ಅರ್ಧ ತೊಡೆ ಊರಿ ಕೂತ. ಹಬ್ಸಿಗುಡದ ಸಿಗ್ನಲ್ಲಿನಲ್ಲಿ ಪೊಲೀಸನೊಬ್ಬ ಮೈಕಿನಲ್ಲಿ ತೆಲುಗಿನಲ್ಲಿ ಹೇಳುತ್ತಿದ್ದ, ಹೆದರಬೇಡಿ, ಇದು ಅಭ್ಯಾಸ ಮಾತ್ರ. ಮರದ ನೆರಳಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಹಣೆಗೆ ಕೆಂಪು ಮಸಿ ಹಚ್ಚಿಕೊಂಡು ಸ್ಟ್ರೆಚರಿನ ಮೇಲೆ ಮಲಗಿ ಫೋನು ನೋಡುತ್ತಿದ್ದಳು. ಅವಳು ಸಾಯುವ ಹೊತ್ತು ಇನ್ನೂ ಬಂದಿರಲಿಲ್ಲ. ಸೈರನ್ ಬರುವ ಮೊದಲು ಸೈರಣೆ ಎಂದು ಮನಸ್ಸು ತಾನಾಗಿ ಶ್ಲೇಷೆಗೆ ಇಳಿಯಿತು, ಹಲ್ಲುನೋವಿನವನ ನಾಲಗೆ ಆ ಹಲ್ಲಿಗೇ ಹೋದಂತೆ. ಮೂವತ್ನಾಲ್ಕು ವರ್ಷಗಳ ಹಿಂದೆ ಇಲ್ಲೇ, ಈ ರಸ್ತೆಯ ಆಚೆ, ವಿಶ್ವವಿದ್ಯಾಲಯದ ಹಾಲಿನಲ್ಲಿ, ಹಾಸ್ಟೆಲಿನ ಆರು ಮಂದಿ ಹುಡುಗರು ಓಡಿ ಹೋಗಿ ಮುಂದಿನ ಸಾಲು ಹಿಡಿದಿದ್ದರು. ಫಾರಿನ್ ಪಿಕ್ಚರ್ ಎಂದರೆ ಆಗ ಒಂದೇ ಅರ್ಥ. ಬಟ್ಟೆ ಯಾವಾಗ ಬಿಚ್ಚುತ್ತಾರೆ ಎಂದು ಕಾಯುತ್ತ ಕೂತದ್ದು. ಲಿಂಗಸೂಗೂರಿನಿಂದ ಬಂದು ಎರಡು ತಿಂಗಳಾಗಿತ್ತು, ಹದಿನೆಂಟು ವಯಸ್ಸು. ಪರದೆಯ ಮೇಲೆ ಒಬ್ಬ ಹೆಂಗಸು ಮಾಳಿಗೆಯ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದಳು, ಮಗುವಿನ ಅಂಗಿ, ಗಂಡನ ಪ್ಯಾಂಟು, ಒಂದು ದುಪ್ಪಟಿ, ಬಾಯಲ್ಲಿ ಎರಡು ಕ್ಲಿಪ್ಪು. ದೂರದಲ್ಲಿ ಸೈರನ್. ಅವಳು ತಲೆ ಎತ್ತಿದಳು. ಆಮೇಲೆ ಪರದೆ ಬೆಳ್ಳಗಾಯಿತು, ಶಬ್ದವೇ ಇಲ್ಲದೆ, ರೀಲು ತುಂಡಾಯಿತೇನೋ ಎಂದು ಹಿಂದಿನವರು ಸಿಳ್ಳೆ ಹಾಕುವಷ್ಟು ಹೊತ್ತು. ಮತ್ತೆ ಚಿತ್ರ ಬಂದಾಗ ಬಟ್ಟೆ ಹೋಗಿತ್ತು. ತಂತಿಯ ಮೇಲೆ ಬರೀ ಕ್ಲಿಪ್ಪುಗಳು ಸಾಲಾಗಿ ಕೂತಿದ್ದವು. ಬಟ್ಟೆ ಹೋಗುವುದನ್ನು ನೋಡಲು ಬಂದವರು ಅದನ್ನು ನೋಡಿದ್ದರು. ಹೊರಗೆ ಬಂದಾಗ ಸಂಜೆಯ ಐದು, ಬಿಸಿಲು ಇನ್ನೂ ಇತ್ತು, ಆ ಬಿಸಿಲಿನ ಬಿಳುಪಿಗೆ ಆರು ಮಂದಿಯೂ ಬಾಯಿ ಕಟ್ಟಿ ನಡೆದರು. ಆ ಮೌನ ತಡೆಯಲಾರದೆ ಅವನು ಮೂಗಿನಿಂದ ಸೈರನ್ ಕೂಗಿದ. ಥೇಟ್ ಹಾಗೇ, ಏರಿ, ಇಳಿದು, ಮತ್ತೆ ಏರಿ. ಎಲ್ಲರೂ ಬಿದ್ದುಬಿದ್ದು ನಕ್ಕರು, ಬೆನ್ನು ಬಡಿದರು, ಇರಾನಿ ಹೋಟೆಲಿನಲ್ಲಿ ಚಹಾ ಕುಡಿಸಿ ಮತ್ತೊಮ್ಮೆ ಮಾಡಿಸಿದರು. ಅವನ ಮಿಮಿಕ್ರಿ ಹುಟ್ಟಿದ್ದು ಹಾಗೆ. ನಕ್ಕವರು ಅವತ್ತೇ ಮರೆತರು. ಅವನು ಮಿಂಚು ಹೊಡೆದರೆ ಎಣಿಸುವವನಾದ. ಟ್ರಾನ್ಸ್‌ಫಾರ್ಮರ್ ಸಿಡಿದರೆ ಗೋಡೆಗೆ ಒತ್ತಿಕೊಳ್ಳುವವನಾದ. ಮದುವೆಯ ಆಲ್ಬಮ್ಮಿನ ಪ್ರತಿ ಫೋಟೋದಲ್ಲೂ ಕಣ್ಣು ಮುಚ್ಚಿಕೊಂಡ ವರನಾದ. ನಾಚಿಕೆ ಎಂದು ಗುರುದೇವಿ ಇವತ್ತಿಗೂ ಅದನ್ನು ಬಂದವರಿಗೆಲ್ಲ ಅಕ್ಕರೆಯಿಂದ ತೋರಿಸುತ್ತಾಳೆ.

ಅಂಥ ಚಿತ್ರ ಇನ್ನು ನೋಡಬಾರದು ಎಂದು ಪ್ರತಿಸಲ ಅಂದುಕೊಳ್ಳುತ್ತಿದ್ದ, ಪ್ರತಿಸಲ ಹುಡುಕಿ ನೋಡುತ್ತಿದ್ದ. ಕಳೆದ ಭಾನುವಾರ ಮಧ್ಯಾಹ್ನ ಗುರುದೇವಿ ಮಣಿಕೊಂಡದ ತಂಗಿಯ ಮನೆಗೆ ಹೋಗಿದ್ದಳು. ಕಿವಿಗೆ ಇಯರ್‌ಫೋನ್ ಹಚ್ಚಿಕೊಂಡು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಹೊಸದೊಂದನ್ನು ನೋಡುತ್ತಿದ್ದ. ಅದರಲ್ಲೊಂದು ದೃಶ್ಯ, ದೀಪ ಹೋದ ನೆಲಮಾಳಿಗೆ. ಪರದೆ ಪೂರ್ತಿ ಕಪ್ಪಾದಾಗ ಅದರೊಳಗೆ ತನ್ನ ಮುಖ ಕಂಡಿತು, ತನ್ನ ಹೆಗಲ ಹಿಂದೆ ನಿರೀಕ್ಷಾಳ ಮುಖ. ಬಾಯಿ ಅರ್ಧ ತೆರೆದಿತ್ತು. ಕಿವಿಯಲ್ಲಿ ಇದ್ದ ಶಬ್ದವೂ ಅವಳಿಗಿಲ್ಲ, ಬರೀ ಚಿತ್ರ. ಮುಚ್ಚಿಬಿಡಬೇಕಿತ್ತು. ಒಂದು ಬೆರಳಿನ ಕೆಲಸ. ಹೋಗವ್ವಾ ಆಟಕ್ಕೆ, ಎನ್ನಬಹುದಿತ್ತು. ಅವನು ಅನ್ನಲಿಲ್ಲ. ತಿರುಗಿಯೂ ನೋಡಲಿಲ್ಲ. ಅಲ್ಲಿಂದ ಕೊನೆಯವರೆಗೆ, ಇಪ್ಪತ್ತು ಇಪ್ಪತ್ತೈದು ನಿಮಿಷ, ಅವಳ ಉಸಿರು ಕುತ್ತಿಗೆಗೆ ತಾಕುತ್ತಿದ್ದುದು ಅವನಿಗೆ ಗೊತ್ತಿತ್ತು. ಈ ಒಂದು ವಾರ ಹೊರಳಿಸಿ ಹೊರಳಿಸಿ ನೋಡಿದರೂ ಅವನಿಗೆ ಕಂಡ ಕಾರಣ ಒಂದೇ, ಅದನ್ನು ಬಾಯಿಬಿಟ್ಟು ಹೇಳಲಾಗದು: ಮೂವತ್ನಾಲ್ಕು ವರ್ಷಗಳಲ್ಲಿ ಮೊದಲ ಸಲ ಅವನ ಜೊತೆ ಯಾರೋ ಇದ್ದರು. ಚಿತ್ರ ಮುಗಿದು ತಿರುಗಿದಾಗ ಅವಳಿರಲಿಲ್ಲ, ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದುಕೊಂಡು ಸುಮ್ಮನೆ ನಿಂತಿದ್ದಳು.

ಮೂರೂ ನಲವತ್ತಕ್ಕೆ ಮೆಟ್ಟಿಲು ಹತ್ತಿ ಬಂದಾಗ ಬಾಗಿಲು ತೆಗೆದವಳು ಗುರುದೇವಿ.

“ಬಂದ್ರಿ? ಊರು ಸುಟ್ಟು ಬಂದ್ರಿ?”

“ನಿನಗೂ ಬಂತಾ?”

“ನನಗ ಬಂದಿದ್ದು ಇರಲಿ, ಆಕಿ ಓದ್ಯಾಳ. ಫೋನ್ ಚಾರ್ಜಿಗಿ ಇಟ್ಟಿದ್ದೆ. ಕ ಬಿಟ್ಟಾರ ನಿಮ್ಮಪ್ಪ ಅಂತ ಹೇಳಿದ್ರ, ಇಲ್ಲ, ಪಪ್ಪಾ ಖರೇ ಬರದಾನ, ಆಮ್ಯಾಲ ಎಲ್ಲಾರೂ ಅಂಜತಾರಂತ ಸುಳ್ಳ ಅಂದಾನ ಅಂತಾಳ. ಒಂದು ತುತ್ತು ಉಂಡಿಲ್ಲ. ಕಿಡಕಿ ತಗಿಯಾಕ ಬಿಡವಲ್ಲಳು. ಈ ಬ್ಯಾಸಗ್ಯಾಗ ನಾವು ಬಾಂಬಿಗಲ್ಲ, ಸೆಕಿಗೆ ಸಾಯ್ತೀವಿ.”

ಒಳಗಿನ ಕೋಣೆ ಕಾದ ಡಬ್ಬಿಯಂತಿತ್ತು. ನಿರೀಕ್ಷಾ ಮಂಚದ ನಡುವೆ, ಕಿಟಕಿಗೆ ಬೆನ್ನು ಮಾಡಿ, ಗೋಡೆಯ ಗಡಿಯಾರ ನೋಡುತ್ತ ಕೂತಿದ್ದಳು. ಕಣ್ಣ ಕೆಳಗೆ ಯಾರೋ ಹೆಬ್ಬೆರಳಿನಿಂದ ಮಸಿ ಒತ್ತಿದಂತಿತ್ತು. ಅವನು ಬಂದದ್ದನ್ನು ನೋಡಿ ಮತ್ತೆ ಗಡಿಯಾರದ ಕಡೆ ತಿರುಗಿದಳು.

“ಪಪ್ಪಾ, ಇದು ಸುಳ್ಳಂತ ನಿನಗ ಹೆಂಗ ಗೊತ್ತು?”

“ಪೇಪರಿನ್ಯಾಗ ಬಂದೈತಲ್ಲವ್ವಾ.”

“ಪಿಕ್ಚರಿನ್ಯಾಗೂ ಅವರಿಗೆ ಹಂಗ ಹೇಳ್ತಾರ, ಟೀವಿಯಾಗ.” ಅಂದವಳು ಬಾಯಿ ಬಿಗಿಹಿಡಿದಳು, ಹೇಳಬಾರದ್ದು ಹೇಳಿದೆನೆಂಬಂತೆ. ಬಾಗಿಲಲ್ಲಿದ್ದ ಗುರುದೇವಿ ‘ಯಾವ ಪಿಕ್ಚರ?’ ಎಂದಳು. ನಿರೀಕ್ಷಾ ಗಡಿಯಾರದತ್ತ ತಿರುಗಿದಳು. ಅವಳು ಅವನನ್ನು ಅಮ್ಮನಿಂದ ಕಾಪಾಡುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ಕದ್ದು ನೋಡಿದ ತಪ್ಪು ತನ್ನದೆಂದುಕೊಂಡು, ಅಪ್ಪನಿಗೂ ಗೊತ್ತಾಗದಿರಲೆಂದು, ಒಂದು ವಾರ ಆ ಅಂಜಿಕೆಯನ್ನು ಒಬ್ಬಳೇ ಬಚ್ಚಿಟ್ಟುಕೊಂಡು ಕೂತಿದ್ದಳು. ಈಗ ಹೇಳಬೇಕು. ಹೇಳಿದರೆ ಗುರುದೇವಿಗೂ ಕೇಳಿಸುತ್ತದೆ. ನಾಲ್ಕಾಗಲಿ, ಆಮೇಲೆ ಹೇಳೋಣ, ಸುಳ್ಳೆಂದು ಗೊತ್ತಾದ ಮೇಲೆ ಎಲ್ಲ ಹಗುರವಾಗುತ್ತದೆ. ಬಾಯಲ್ಲಿ ಯಾರು ಯಾರದೋ ದನಿಗಳು ಬಂದು ಸಾಲು ನಿಂತವು, ಬಸ್ಸಿನ ಕಂಡಕ್ಟರು, ರೇಡಿಯೋದವನು, ಸಂತೆಯಲ್ಲಿ ಬಳೆ ಮಾರುವವಳು. ಯಾವುದನ್ನಾದರೂ ಮಾಡಿದ್ದರೆ ಅವಳು ನಗುತ್ತಿದ್ದಳು.

ನಾಲ್ಕಾಯಿತು. ಮೊದಲು ಏನೂ ಇಲ್ಲ. ಕೆಳಗೆ ಉಳ್ಳಾಗಡ್ಡಿ ಮಾರುವವನ ಮೈಕು, ಪಕ್ಕದ ಮನೆಯ ಕುಕ್ಕರಿನ ಸೀಟಿ. ಆಮೇಲೆ ಎಲ್ಲೋ ದೂರದಿಂದ, ರೈಲ್ವೆ ಸ್ಟೇಷನ್ನಿನ ಕಡೆಯಿಂದ ಇರಬೇಕು, ತೆಳ್ಳಗೆ ಒಂದು ಕೂಗು ಬಂತು, ಏರಿತು, ಇಳಿಯಿತು, ಉಳ್ಳಾಗಡ್ಡಿಯ ರೇಟಿನ ಕೆಳಗೆ ಮುಳುಗಿ ಮತ್ತೆ ಎದ್ದಿತು.

“ಇಷ್ಟನ?” ಎಂದಳು ನಿರೀಕ್ಷಾ.

ಅದು ಅವನಿಗೆ ಕೆಳಗಿನಿಂದ ಕೇಳಿಸಿತು, ಅಲ್ಲ, ಮೇಲಿನಿಂದ ಕೇಳಿಸಿತು. ಅವನು ಕೆಳಗಿದ್ದ. ಮಂಚ ಮತ್ತು ಅಲಮಾರಿಯ ನಡುವಿನ ಒಂದೂವರೆ ಅಡಿಯಲ್ಲಿ, ಮಂಡಿ ಎದೆಗೆ ಹಚ್ಚಿ, ಎರಡೂ ಕೈ ತಲೆಯ ಮೇಲೆ ಹೊತ್ತು. ಯಾವಾಗ ಇಳಿದ, ಹೇಗೆ ತುರುಕಿಕೊಂಡ, ಗೊತ್ತಿಲ್ಲ. ಕನ್ನಡಕ ಒಂದು ಕಿವಿಯಿಂದ ಜೋತಾಡುತ್ತಿತ್ತು. ಮಂಚದ ಅಂಚಿನಿಂದ ಮಗಳು ಬಗ್ಗಿ ನೋಡುತ್ತಿದ್ದಳು, ಮಗಳ ಹಿಂದೆ ಹೆಂಡತಿ. ಆಮೇಲೆ ಗುರುದೇವಿಯ ಮುಖ ಸಡಿಲವಾಯಿತು.

“ಸಾಕು ಬಿಡ್ರಿ ನಾಟಕ. ಎದ್ದು ಬರ್ರಿ, ಅಂಗಿ ಹೊಲಸಾಗತೈತಿ. ನೋಡಿದೇನ ನಿಮ್ಮಪ್ಪನ ಆಟ?”

ನಿರೀಕ್ಷಾ ನಕ್ಕಳು. ವಾರಕ್ಕೆ ಮೊದಲ ಸಲ, ಮುಂದಿನ ಹಲ್ಲು ಕಾಣುವಂತೆ. “ಪಪ್ಪಾ, ಥೇಟ್ ಮಾಡಿದಿ! ಥೇಟ್ ಹಂಗ!”

ದಾರಿ ತೆರೆದಿತ್ತು. ಎದ್ದು, ಕನ್ನಡಕ ಸರಿಮಾಡಿಕೊಂಡು, ಒಂದು ನಮಸ್ಕಾರ ಹೊಡೆದರೆ ಸಾಕು. ಇಬ್ಬರೂ ಚಪ್ಪಾಳೆ ತಟ್ಟಲು ಸಿದ್ಧರಿದ್ದರು. ಗುರುದೇವಿ ಕಿಟಕಿ ತೆರೆಯುತ್ತಾಳೆ, ಹುಡುಗಿ ಇವತ್ತು ಎರಡು ತುತ್ತು ಉಣ್ಣಲೂಬಹುದು. ಆದರೆ ನಗು ಆರಿದ ಮೇಲೆ ಅದೇ ಬಿಳುಪು, ಅದರೊಳಗೆ ಅವಳೊಬ್ಬಳೇ; ಅಪ್ಪನಿಗೆ ಅದು ಆಟ, ನನಗೆ ಮಾತ್ರ ಹೀಗೆ, ಎಂದುಕೊಂಡು ದೊಡ್ಡವಳಾಗುತ್ತಾಳೆ. ಏನಾದರೊಂದನ್ನು ಕಲಿತು ನಾಲ್ಕು ಜನರನ್ನು ನಗಿಸುತ್ತಾಳೆ. ಅವನಿಗೆ ಭಾರೀ ದಣಿವಾಯಿತು.

“ನಾಟಕಲ್ಲ,” ಎಂದ. ದನಿ ಯಾರದೆಂದು ಅವನಿಗೇ ಗುರುತು ಹತ್ತಲಿಲ್ಲ. “ಅಂಜಿಕಿ ಆತು. ನನಗ ಮೊದಲಿಂದಾನೂ ಹಿಂಗ.” ಗುರುದೇವಿ ಏನೋ ಅನ್ನಲು ಹೋದಳು. ಅವನು ಅವಳ ಕಡೆ ನೋಡದೆ ಮುಂದುವರಿಸಿದ, ನೋಡಿದರೆ ನಿಂತುಬಿಡುತ್ತಿದ್ದ. “ಐತವಾರ ನೀ ಹಿಂದ ನಿಂತಿದ್ದು ನನಗ ಗೊತ್ತಿತ್ತವ್ವಾ. ಪಿಕ್ಚರ್ ಮುಗಿಯೋತನ ಗೊತ್ತಿತ್ತು.”

ನಗು ಅವಳ ಮುಖದ ಮೇಲೆ ಹಾಗೇ ಇತ್ತು, ಒಳಗಿನಿಂದ ಖಾಲಿಯಾಗುತ್ತ ಹೋಯಿತು.

“ಗೊತ್ತಿತ್ತಾ? ಮತ್ತ ಯಾಕ ಕಳಸಲಿಲ್ಲ?”

“ಒಬ್ಬನ ನೋಡಾಕ ಅಂಜಿಕಿ ಆಗಿತ್ತು.”

ಗುರುದೇವಿಯ ಬಳೆ ಬಾಗಿಲಿಗೆ ತಾಕಿ ಸದ್ದಾಯಿತು. ಅವಳು ಹೊರಗೆ ಹೋದಳು. ಮೆಣಸಿನಕಾಯಿ ಇಳಿಸಿದವಳು, ಡಾಕ್ಟರ ಬಾಗಿಲಲ್ಲಿ ಟೋಕನ್ನು ಹಿಡಿದು ಎರಡು ತಾಸು ನಿಂತವಳು.

ನಿರೀಕ್ಷಾ ಬಹಳ ಹೊತ್ತು ಅವನನ್ನು ನೋಡಿದಳು, ಲೆಕ್ಕದ ಪುಸ್ತಕದಲ್ಲಿ ಉತ್ತರ ತಾಳೆಯಾಗದಾಗ ನೋಡುವಂತೆ.

“ನೀ ಮೊದಲ್ನೇ ಪಿಕ್ಚರ್ ಯಾವಾಗ ನೋಡಿದ್ದಿ?”

“ಕಾಲೇಜಿನ್ಯಾಗ. ಮೂವತ್ನಾಲ್ಕು ವರ್ಷ ಆತು.”

“ಅಂಜಿಕಿ ಎಷ್ಟು ದಿವಸಕ್ಕ ಹೋತು?”

ಎರಡು ದಿವಸಕ್ಕೆ ಎನ್ನಬಹುದಿತ್ತು, ಎಂಟು ಎನ್ನಬಹುದಿತ್ತು. ಅವನು ತಲೆಯನ್ನಷ್ಟೇ ಅಲ್ಲಾಡಿಸಿದ.

ಅವಳು ಮಂಚದಿಂದ ಇಳಿದಳು. “ಸರಿ ಆ ಕಡೆ,” ಎಂದಳು. ಅವನು ಅಲಮಾರಿಗೆ ಒತ್ತಿಕೊಂಡ. ಆ ಒಂದೂವರೆ ಅಡಿಯಲ್ಲಿ ಇಬ್ಬರಿಗೆ ಜಾಗವಿರಲಿಲ್ಲ. ಮೊಣಕೈ, ಮಂಡಿ ಎಲ್ಲ ಎಲ್ಲೆಲ್ಲೋ ಹೊಂದಿಸಿಕೊಂಡು ತೂರಿದಳು. ಸೆಕೆಗೆ ಅವಳ ಮೈ ಸುಡುತ್ತಿತ್ತು. ಆ ಪಿಕ್ಚರಿನಲ್ಲಿ ನೆಲಮಾಳಿಗೆಯ ಮುದುಕ ಕಡೆಗೆ ಏನು ತಿಂದ ಎಂದು ಕೇಳಿದಳು, ನಾಯಿ ಸತ್ತಿತೇ ಎಂದು ಕೇಳಿದಳು, ನೆನಪಿದ್ದಷ್ಟು ಹೇಳಿದ. ನನಗೆ ನಾಯಿದೇ ಭಾಳ ಕೆಟ್ಟನಿಸಿತು ಎಂದಳು. ನನಗೂ ಎಂದ. ಮಾತು ನಡುವೆ ನಿಂತಿತು. ನೋಡಿದರೆ ಅವನ ಹೆಗಲ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು, ದಾರಿಯಲ್ಲೇ ಕುಸಿದವರ ನಿದ್ದೆ. ಅವನಿಗೆ ಹಗುರವೆನಿಸಿತು. ಇಷ್ಟು ವರ್ಷ ಬೇಕಾಗಿದ್ದುದು ಇದೇ ಎಂದು ಗೊತ್ತಾಯಿತು, ಯಾರಿಂದ ಅದನ್ನು ಕಿತ್ತುಕೊಂಡೆ ಎಂಬುದೂ. ಆ ಹಗುರಕ್ಕೆ ನಾಚಿ, ಅವಳ ತಲೆಯ ಮೇಲಿಂದ ಗೋಡೆಯನ್ನು ನೋಡುತ್ತ ಕೂತ.

ಕಾಲು ಜೋಮು ಹಿಡಿದು, ಜೋಮು ಹೋಗಿ, ಕಾಲೇ ಇಲ್ಲವೆನಿಸಿದ ಮೇಲೆ ಗುರುದೇವಿ ಬಂದಳು. ಕೈಯಲ್ಲೊಂದು ತಲೆದಿಂಬು. ಮಂಚದ ಮೇಲೆ ಮಂಡಿಯೂರಿ ಬಗ್ಗಿ, ಮಗಳ ಕುತ್ತಿಗೆಯ ಹಿಂದೆ, ಅಲಮಾರಿಯ ಹಿಡಿಕೆ ಚುಚ್ಚದ ಹಾಗೆ ಅದನ್ನು ಸಿಕ್ಕಿಸಿದಳು. ಕೂದಲು ಸರಿಸಿದಳು. ಅವನು ಮೆಲ್ಲಗೆ ಏಳಲು ಒಂದು ಕೈಯೂರಿದ.

“ಏಳಬ್ಯಾಡ್ರಿ,” ಎಂದಳು ಗುರುದೇವಿ, ಅವನ ಮುಖ ನೋಡದೆ. “ಆಕಿ ಏಳೋತನ ನೀವೂ ಏಳಬ್ಯಾಡ್ರಿ.”